ಟೈಪ್ 3 ಸೌರ ರೇಡಿಯೊ ಬರ್ಸ್ಟ್: ನನ್ನ ಕೋಡಿನಲ್ಲಿ ಎಲೆಕ್ಟ್ರಾನ್‌ಗಳು 20 ಕಿಲೋಮೀಟರ್ ಕೂಡ ದಾಟುತ್ತಿಲ್ಲ, ಏನು ಮಾಡಲಿ?

ಚಿಂತಾಮಣಿಯವ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಪ್ರಾಜೆಕ್ಟಿಗೆ ಸೂರ್ಯನ ರೇಡಿಯೊ ಬರ್ಸ್ಟ್ ತಗೊಂಡಿದ್ದೇನೆ, ಅದರಲ್ಲೂ ಟೈಪ್ 3. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಗೈಡ್ ಆಪ್ಟಿಕ್ಸ್‌ನವರು, ತುಂಬಾ ಒಳ್ಳೆಯವರು, ಆದರೆ ಪ್ಲಾಸ್ಮಾ ಅಂದ ತಕ್ಷಣ "ಅದು ನೀನೇ ನೋಡ್ಕೋ" ಅಂದುಬಿಡುತ್ತಾರೆ.

ವಿಷಯ ಹೊಸದಾದವರಿಗೆ ಎರಡು ಮಾತು. ಸೂರ್ಯನ ಮೇಲೆ ಜ್ವಾಲೆ ಎದ್ದಾಗ ಒಂದಷ್ಟು ಎಲೆಕ್ಟ್ರಾನ್‌ಗಳು ವಿಪರೀತ ವೇಗ ಪಡೆದು, ತೆರೆದ ಕಾಂತರೇಖೆ ಹಿಡಿದು ಹೊರಗೆ ಓಡುತ್ತವೆ. ಹೋಗುವ ದಾರಿಯಲ್ಲಿ ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ಪ್ಲಾಸ್ಮಾವನ್ನು (ಬಿಡಿ ಎಲೆಕ್ಟ್ರಾನ್, ಅಯಾನ್‌ಗಳ ಬಿಸಿ ಅನಿಲ) ಕಲಕುತ್ತವೆ. ಕಲಕಿದ ಪ್ಲಾಸ್ಮಾ ತನ್ನದೇ ಫ್ರೀಕ್ವೆನ್ಸಿಯಲ್ಲಿ, ಇಲ್ಲವೇ ಅದರ ಎರಡರಷ್ಟರಲ್ಲಿ ರೇಡಿಯೊ ಅಲೆ ಬಿಡುತ್ತದೆ. ಮೇಲೆ ಹೋದಷ್ಟೂ ಸಾಂದ್ರತೆ ಕಮ್ಮಿ, ಹಾಗಾಗಿ ಫ್ರೀಕ್ವೆನ್ಸಿಯೂ ಕಮ್ಮಿ. ಅದಕ್ಕೇ ಸ್ಪೆಕ್ಟ್ರೋಗ್ರಾಮ್‌ನಲ್ಲಿ, ಅಂದರೆ ಸಮಯ ಅಡ್ಡಕ್ಕೆ, ಫ್ರೀಕ್ವೆನ್ಸಿ ಉದ್ದಕ್ಕೆ ಇಟ್ಟ ಚಿತ್ರದಲ್ಲಿ, ಬರ್ಸ್ಟ್ ಮೇಲಿನಿಂದ ಕೆಳಕ್ಕೆ ಸರ್ರನೆ ಇಳಿಯುವ ಗೆರೆಯಾಗಿ ಕಾಣುತ್ತದೆ.

ಡೇಟಾ ಗೌರಿಬಿದನೂರಿನದು. ಅಲ್ಲಿನ ರೇಡಿಯೊ ವೀಕ್ಷಣಾಲಯದಲ್ಲಿ ಇ-ಕ್ಯಾಲಿಸ್ಟೊ ಅನ್ನುವ, ಸೂರ್ಯನ ರೇಡಿಯೊ ಕೇಳುವ ಜಾಗತಿಕ ಜಾಲದ ರಿಸೀವರ್ ಇದೆ, ಫೈಲುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದೊಂದು ಫೈಲು 15 ನಿಮಿಷದ್ದು, ಸೆಕೆಂಡಿಗೆ ನಾಲ್ಕು ಕಾಲಂ, ಒಂದೊಂದು ಕಾಲಂನಲ್ಲಿ 200 ಚಾನೆಲ್. ಪೈಥಾನ್‌ನಲ್ಲಿ ಹಿನ್ನೆಲೆ ಕಳೆದು ನೋಡಿದರೆ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಎಫ್ಎಂ ಸ್ಟೇಷನ್‌ಗಳ ದಪ್ಪ ಪಟ್ಟಿ, ಅದರ ಕೆಳಗೆ ನನ್ನ ಬರ್ಸ್ಟ್ ಸ್ವಚ್ಛವಾಗಿದೆ. 80 ಮೆಗಾಹರ್ಟ್ಸ್‌ನಿಂದ 45ಕ್ಕೆ ಇಳಿಯಲು 7 ಕಾಲಂ ಹಿಡಿದಿದೆ. ಅಂದರೆ 1.75 ಸೆಕೆಂಡ್.

ಯಾವ ಎತ್ತರದಲ್ಲಿ ಸಾಂದ್ರತೆ ಎಷ್ಟು ಅನ್ನುವುದಕ್ಕೆ ನ್ಯೂಕರ್ಕ್ ಮಾದರಿ ಹಾಕಿದೆ. ಅದರ ಪ್ರಕಾರ 80 ಮೆಗಾಹರ್ಟ್ಸ್ ಇರುವುದು ಸೂರ್ಯನ ಕೇಂದ್ರದಿಂದ 1.32 ಸೌರ ತ್ರಿಜ್ಯದಲ್ಲಿ, 45 ಇರುವುದು 1.56ರಲ್ಲಿ. ನಡುವೆ ಸುಮಾರು 1,65,000 ಕಿ.ಮೀ. ಭಾಗಿಸಿದರೆ ಬೆಳಕಿನ ವೇಗದ 0.31 ಪಾಲು ಬರುತ್ತದೆ. ಆದರೆ ನಾನು ನೋಡುತ್ತಿರುವುದು ಮೂಲ ಫ್ರೀಕ್ವೆನ್ಸಿ ಅಲ್ಲ, ಎರಡರಷ್ಟರದ್ದು ಅಂದುಕೊಂಡರೆ ಇದೇ 7 ಕಾಲಂ 0.49 ಕೊಡುತ್ತದೆ. ಯಾವುದನ್ನು ನಂಬಲಿ?

ಎರಡನೇ ತೊಂದರೆ ಇನ್ನೂ ದೊಡ್ಡದು. ಎಲೆಕ್ಟ್ರಾನ್‌ಗಳ ಹಂಚಿಕೆ (ಯಾವ ವೇಗದವು ಎಷ್ಟು) ಮತ್ತು ಲ್ಯಾಂಗ್ಮ್ಯೂರ್ ಅಲೆಗಳ (ಕಲಕಿದ ಪ್ಲಾಸ್ಮಾದಲ್ಲಿ ಏಳುವ ಎಲೆಕ್ಟ್ರಾನ್ ಅಲೆಗಳು) ಶಕ್ತಿ, ಇವೆರಡೂ ಒಂದನ್ನೊಂದು ಹೇಗೆ ಬದಲಿಸುತ್ತವೆ ಅನ್ನುವ ಕ್ವಾಸಿಲೀನಿಯರ್ ಸಮೀಕರಣ ಬರೆದು ಒಂದೇ ಆಯಾಮದಲ್ಲಿ ಬಿಡಿಸುತ್ತಿದ್ದೇನೆ. ಕೆಳಗಿನ ಗಡಿಯಿಂದ 0.31 ವೇಗದ ಎಲೆಕ್ಟ್ರಾನ್ ಬೀಮ್ ಬಿಡುತ್ತೇನೆ. ಸುತ್ತಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 10 ಕೋಟಿ, ಬೀಮ್ ಅದರ ಲಕ್ಷದಲ್ಲೊಂದು ಪಾಲು. ಹೊರಟಲ್ಲೇ ಅಲೆಗಳು ಉಬ್ಬಿ, ಬೀಮ್‌ನ ವೇಗದ ಹಂಚಿಕೆ ಚಪ್ಪಟೆಯಾಗಿ, ಶಕ್ತಿಯೆಲ್ಲ ಅಲೆಗೆ ಹೋಗಿ ಕೂತುಬಿಡುತ್ತದೆ. ಹತ್ತಿಪ್ಪತ್ತು ಕಿಲೋಮೀಟರಿನೊಳಗೆ ಕಥೆ ಮುಗೀತು. ಇತ್ತ ನೋಡಿದರೆ ಇಂಥ ಎಲೆಕ್ಟ್ರಾನ್‌ಗಳು ಭೂಮಿಯವರೆಗೆ 15 ಕೋಟಿ ಕಿ.ಮೀ. ಬರುತ್ತವೆ ಅಂತ ಎಲ್ಲ ಕಡೆ ಬರೆದಿದ್ದಾರೆ. ತಲೆ ಚಿಟ್ಟು ಹಿಡಿದಿದೆ.

---

ಹಳೇಆಂಟೆನಾ

ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಎರಡನೆಯದಕ್ಕೆ ಬೇರೆಯವರು ಬರುತ್ತಾರೆ, ನನಗೆ ಸಮೀಕರಣ ಅಂದ್ರೆ ಅಷ್ಟಕ್ಕಷ್ಟೆ.

ನಿನ್ನ ಡೇಟಾದಲ್ಲಿ ತೊಂದರೆ ಇಲ್ಲ. ಆಲ್ವಾರೆಜ್ ಮತ್ತು ಹ್ಯಾಡಕ್ 1973ರಲ್ಲಿ ನೂರಾರು ಮೆಗಾಹರ್ಟ್ಸ್‌ನಿಂದ ಕಿಲೋಹರ್ಟ್ಸ್‌ವರೆಗಿನ ಟೈಪ್ 3 ಬರ್ಸ್ಟ್‌ಗಳನ್ನು ಸೇರಿಸಿ ಒಂದು ಸರಳ ಸೂತ್ರ ಕೊಟ್ಟಿದ್ದಾರೆ: ಸೆಕೆಂಡಿಗೆ ಎಷ್ಟು ಮೆಗಾಹರ್ಟ್ಸ್ ಇಳಿಯುತ್ತದೆ ಅನ್ನುವುದು 0.01 ಗುಣಿಸು ಫ್ರೀಕ್ವೆನ್ಸಿಯ 1.84ನೇ ಘಾತ. ಅದನ್ನು 80ರಿಂದ 45ರವರೆಗೆ ಕೂಡಿಸಿದರೆ ಸುಮಾರು 1.9 ಸೆಕೆಂಡ್ ಬರುತ್ತದೆ. ನಿನ್ನದು 1.75. ಅಪ್ಪಟ ಟೈಪ್ 3. ಟೈಪ್ 2 ಆಗಿದ್ದರೆ ಇದೇ ಇಳಿತಕ್ಕೆ ನಿಮಿಷಗಳು ಬೇಕಾಗುತ್ತಿದ್ದವು, ಯಾಕೆಂದರೆ ಅಲ್ಲಿ ಮುಂದೆ ಹೋಗುವುದು ಶಾಕ್ (ಆಘಾತ ಅಲೆ), ಅದರ ವೇಗ ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸು ಅಷ್ಟೆ.

ಆದರೆ ಆ 0.31ನ್ನು ಹಿಡಿದುಕೊಂಡು ಕೂರಬೇಡ. 7 ಕಾಲಂ ಅಂದೆ. ಒಂದು ಕಾಲಂ ಹೆಚ್ಚುಕಮ್ಮಿ ಆಗುವುದು ಕಣ್ಣಳತೆಯಲ್ಲಿ ಮಾಮೂಲು. 6 ಆದರೆ 0.37, 8 ಆದರೆ 0.28. ನ್ಯೂಕರ್ಕ್ ಮಾದರಿ 1961ರದ್ದು, ಅದನ್ನು ಎಷ್ಟೋ ಜನ ಎರಡರಿಂದ ಗುಣಿಸಿ ಬಳಸುತ್ತಾರೆ, ಯಾಕೆಂದರೆ ಬೀಮ್ ಹೋಗುವ ದಾರಿಯಲ್ಲಿ ಸಾಂದ್ರತೆ ಸುತ್ತಮುತ್ತಲಿಗಿಂತ ಜಾಸ್ತಿ ಇರಬಹುದು. ಹಾಗೆ ಗುಣಿಸಿದರೆ ನಿನ್ನ 0.31 ಹೋಗಿ 0.39 ಆಗುತ್ತದೆ. ಕಾಲಂ ಬದಲಾಗಿಲ್ಲ, ಬರ್ಸ್ಟ್ ಬದಲಾಗಿಲ್ಲ, ನೋಡು.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಎಲೆಕ್ಟ್ರಾನ್‌ಗಳು ನಮ್ಮ ಕಡೆಗೇ ಬರುತ್ತಿದ್ದರೆ 45 ಮೆಗಾಹರ್ಟ್ಸ್ ಹೊರಡುವ ಜಾಗ 80ರ ಜಾಗಕ್ಕಿಂತ ನಮಗೆ ಹತ್ತಿರ. ಅಲ್ಲಿಂದ ಹೊರಟ ಅಲೆಗೆ ದಾರಿ ಕಮ್ಮಿ, ಅದು ಬೇಗ ಬರುತ್ತದೆ. ಹಾಗಾಗಿ ನಾವು ಕಾಣುವ 1.75 ಸೆಕೆಂಡ್ ನಿಜವಾದ ಸಮಯಕ್ಕಿಂತ ಚಿಕ್ಕದು. ನೇರ ನಮ್ಮತ್ತ ಬರುವ ಬೀಮ್ ಆದರೆ ನಿನ್ನ 0.31 ನಿಜಕ್ಕೆ 0.24 ಮಾತ್ರ, 0.49 ಅನ್ನುವುದು 0.33 ಮಾತ್ರ. ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಯಾದರೆ ಈ ತಿದ್ದುಪಡಿ ಹೆಚ್ಚುಕಮ್ಮಿ ಇರುವುದೇ ಇಲ್ಲ. ಆದ್ದರಿಂದ ಮೊದಲು ಜ್ವಾಲೆ ಸೂರ್ಯಬಿಂಬದ ಮೇಲೆ ಎಲ್ಲಿತ್ತು ನೋಡು.

ಶಕ್ತಿಗೆ ಬದಲಾಯಿಸಿದರೆ ಗೊತ್ತಾಗುತ್ತದೆ ಎಷ್ಟು ಎಡವಟ್ಟು ಅಂತ: 0.24 ಅಂದರೆ 15 ಕಿಲೋ ಎಲೆಕ್ಟ್ರಾನ್ ವೋಲ್ಟ್, 0.49 ಅಂದರೆ 75ರ ಹತ್ತಿರ. ಒಂದೇ ಗೆರೆ, ಐದು ಪಟ್ಟು ಅಂತರ.

ಮೂಲವೋ ಎರಡರಷ್ಟೋ ಅನ್ನುವುದಕ್ಕೆ ಒಂದೇ ಗೆರೆ ಇದ್ದಾಗ ಗ್ಯಾರಂಟಿ ಉತ್ತರ ಇಲ್ಲ. ಜೋಡಿ ಕಂಡರೆ ಸುಲಭ. ಆದರೆ ಜೋಡಿಯ ಅನುಪಾತ ಸರಿಯಾಗಿ 2 ಇರಲಿ ಅಂತ ಕಾಯಬೇಡ, ಸಾಮಾನ್ಯವಾಗಿ 1.8ರ ಹತ್ತಿರ ಇರುತ್ತದೆ, ಯಾಕೆಂದರೆ ಮೂಲ ಫ್ರೀಕ್ವೆನ್ಸಿಯ ಅಲೆ ಪ್ಲಾಸ್ಮಾದಿಂದ ಹೊರಬರಲು ಒದ್ದಾಡಿ ತಡವಾಗಿ ಬರುತ್ತದೆ. ಧ್ರುವೀಕರಣದ ಡೇಟಾ ಸಿಕ್ಕರೆ ಇನ್ನೂ ಒಳ್ಳೆಯದು. ಡಲ್ಕ್ ಮತ್ತು ಸುಜುಕಿ 1980ರಲ್ಲಿ ತೋರಿಸಿದ್ದು, ಮೂಲದ ವೃತ್ತಾಕಾರ ಧ್ರುವೀಕರಣ ಸರಾಸರಿ ಶೇ. 35, ಎರಡರಷ್ಟರದ್ದು ಶೇ. 11.

ನನ್ನ ಸಲಹೆ ಕೇಳಿದರೆ ಒಂದು ಸಂಖ್ಯೆ ಬರೆಯಬೇಡ. 0.24ರಿಂದ 0.49 ಅಂತ ಬರೆ, ಯಾವ ಊಹೆಗೆ ಯಾವುದು ಅಂತ ಪಕ್ಕದಲ್ಲಿ ಹಾಕು. ವೈವಾದಲ್ಲಿ ಯಾರಾದರೂ ಮೂರು ದಶಮಾಂಶ ಕೇಳಿದರೆ ಸುಮ್ನೆ ನಕ್ಕುಬಿಡು.

---

ಸಾಗರದವಳು

ಹಳೇಆಂಟೆನಾ ಸರ್ ಹೇಳಿದ್ದು ಪೂರ್ತಿ ಸರಿ. ಅದರ ಮೇಲೆ ನಾನು ಇನ್ನೊಂದು ಕಲ್ಲು ಹೇರುತ್ತೇನೆ, ಕ್ಷಮಿಸಪ್ಪ: ಆ 0.31 ಎಷ್ಟೇ ಸರಿ ಇದ್ದರೂ ಅದು ನೀನು ಕೋಡಿಗೆ ಹಾಕಬೇಕಾದ ಸಂಖ್ಯೆಯೇ ಅಲ್ಲ. ಯಾಕೆ ಅಂತ ಕೊನೆಗೆ ಬರುತ್ತೇನೆ.

ಮೊದಲು ನಿನ್ನ ಬೀಮ್ ಯಾಕೆ ಸಾಯುತ್ತಿದೆ ನೋಡೋಣ. ನಿನ್ನದೇ ಅಂಕಿ ತಗೋ. ಸಾಂದ್ರತೆ 10 ಕೋಟಿ ಇದ್ದರೆ ಪ್ಲಾಸ್ಮಾ ಫ್ರೀಕ್ವೆನ್ಸಿ 90 ಮೆಗಾಹರ್ಟ್ಸ್. ಬೀಮ್ ಲಕ್ಷದಲ್ಲೊಂದು ಪಾಲು ಇದ್ದರೆ ಅಲೆ ಬೆಳೆದು ಬೀಮ್ ಚಪ್ಪಟೆಯಾಗುವ ಕಾಲ 0.2 ಮಿಲಿಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಬೆಳಕಿನ ಮೂರನೇ ಒಂದು ವೇಗದ ಎಲೆಕ್ಟ್ರಾನ್ 18 ಕಿ.ಮೀ. ಹೋಗಿರುತ್ತದೆ. ಅಂದರೆ ನಿನ್ನ ಕೋಡು ಸುಳ್ಳು ಹೇಳುತ್ತಿಲ್ಲ. ಇದೇ ಲೆಕ್ಕವನ್ನು ಪೀಟರ್ ಸ್ಟರಾಕ್ 1964ರಲ್ಲೇ ಹಾಕಿ, ಹೀಗಾದರೆ ಟೈಪ್ 3 ಬರ್ಸ್ಟ್ ಇರಲೇಬಾರದಲ್ಲ ಅಂತ ಕೇಳಿದ್ದರು. ಇವತ್ತಿಗೂ ಅದನ್ನು ಸ್ಟರಾಕ್ ಸಂದಿಗ್ಧ ಅಂತಲೇ ಕರೆಯುತ್ತಾರೆ. ನೀನು ಸಿಕ್ಕಿಕೊಂಡಿರುವುದು ಒಳ್ಳೇ ಜಾಗದಲ್ಲೇ.

ತಪ್ಪಿಸಿಕೊಳ್ಳುವ ದಾರಿ ಹೀಗಿದೆ. ಬೀಮ್ ಒಂದು ತುಂಡಾಗಿರಬೇಕು, ಅದಕ್ಕೆ ಮುಂದೆ ಹಿಂದೆ ಅಂತ ಇರಬೇಕು. ಒಂದು ಜಾಗದಲ್ಲಿ ನಿಂತು ನೋಡು. ಮೊದಲು ಬರುವುದು ಅತಿ ವೇಗದವು. ಆಗ ಹಂಚಿಕೆಯಲ್ಲಿ ವೇಗ ಜಾಸ್ತಿಯಾದಂತೆ ಎಲೆಕ್ಟ್ರಾನ್ ಸಂಖ್ಯೆಯೂ ಜಾಸ್ತಿ, ಇಳಿಜಾರು ಉಲ್ಟಾ, ಅಲೆ ಬೆಳೆಯುತ್ತದೆ. ಸ್ವಲ್ಪ ಹೊತ್ತಿಗೆ ನಿಧಾನದವು ಬಂದು ಸೇರುತ್ತವೆ. ಈಗ ಇಳಿಜಾರು ಮತ್ತೆ ನೆಟ್ಟಗಾಗುತ್ತದೆ, ಅದೇ ಅಲೆಗಳನ್ನು ಹಿಂದೆ ಬಂದ ಎಲೆಕ್ಟ್ರಾನ್‌ಗಳು ಹೀರಿಕೊಂಡು ಚುರುಕಾಗುತ್ತವೆ. ಮುಂದಿದ್ದವರು ಪ್ಲಾಸ್ಮಾಕ್ಕೆ ಕೈಸಾಲ ಕೊಟ್ಟು ಹೋಗುತ್ತಾರೆ, ಹಿಂದಿನವರು ಅದೇ ಜಾಗದಲ್ಲಿ ವಸೂಲಿ ಮಾಡಿಕೊಂಡು ಮುಂದೆ ಬರುತ್ತಾರೆ, ಬಡ್ಡಿ ಏನೂ ಇಲ್ಲ, ಅಸಲಿನಲ್ಲೇ ಸ್ವಲ್ಪ ಮುಳುಗುತ್ತದೆ ಅಷ್ಟೆ. ಲ್ಯಾಂಗ್ಮ್ಯೂರ್ ಅಲೆಗಳು ಹೆಚ್ಚುಕಮ್ಮಿ ಹುಟ್ಟಿದಲ್ಲೇ ಇರುತ್ತವೆ, ಅವುಗಳ ಗುಂಪುವೇಗ ಬಹಳ ಕಮ್ಮಿ. ಆದರೂ ಹೊರಗಿನಿಂದ ನೋಡಿದರೆ ಅಲೆ ಮತ್ತು ಎಲೆಕ್ಟ್ರಾನ್ ಎರಡೂ ಸೇರಿದ ಒಂದು ಗಂಟು ಮುಂದೆ ಸಾಗಿದಂತೆ ಕಾಣುತ್ತದೆ.

ಈಗ ನಿನ್ನ ಗಡಿ ಷರತ್ತು ನೋಡು. ಕೆಳಗಿನಿಂದ ಒಂದೇ ವೇಗದ ಬೀಮ್ ಬಿಡುತ್ತಲೇ ಇದ್ದೀಯ, ಅಲ್ವಾ? ನಿಧಾನದವು ಯಾವತ್ತೂ ಬರುವುದೇ ಇಲ್ಲ. ವಸೂಲಿಗೆ ಜನ ಇಲ್ಲ. ಅಲೆ ಗಡಿಯಲ್ಲೇ ರಾಶಿ ಬೀಳುತ್ತದೆ. ಅದರ ಬದಲು ಒಂದು ಚಿಕ್ಕ ತುಂಡು ಬಿಡು: ಜಾಗದಲ್ಲಿ 10,000 ಕಿ.ಮೀ. ಅಗಲ, ವೇಗದಲ್ಲೂ ಹರಡಿಕೊಂಡಿರಲಿ, ಮತ್ತೆ ಬಾಗಿಲು ಮುಚ್ಚು, ಅಂದರೆ ಬೀಮ್ ಬಿಡುವುದು ನಿಲ್ಲಿಸು.

ಇದು ಬರೀ ಕಾಗದದ ಮಾತಲ್ಲ. ಹೀಲಿಯಾಸ್ ನೌಕೆ ಟೈಪ್ 3 ಬರ್ಸ್ಟಿನ ಜೊತೆಯಲ್ಲೇ ಲ್ಯಾಂಗ್ಮ್ಯೂರ್ ಅಲೆಗಳನ್ನು ಅಲ್ಲೇ ಅಳೆದದ್ದನ್ನು ಗರ್ನೆಟ್ ಮತ್ತು ಆಂಡರ್ಸನ್ 1976ರಲ್ಲಿ ಬರೆದರು. 1981ರಲ್ಲಿ ರಾಬರ್ಟ್ ಲಿನ್ ಮತ್ತು ಸಂಗಡಿಗರು ಐಎಸ್ಇಇ-3 ನೌಕೆಯಿಂದ ಆ ಉಲ್ಟಾ ಇಳಿಜಾರನ್ನೇ ತೋರಿಸಿದರು, ಅದೂ ಭೂಮಿಯಷ್ಟು ದೂರದಲ್ಲಿ. ಮೊದಲು ವೇಗದವು, ಆಮೇಲೆ ನಿಧಾನದವು, ಅದೇ ಕ್ರಮದಲ್ಲಿ.

ಕೋಡಿನ ಸಣ್ಣಪುಟ್ಟ ವಿಷಯ. ಅಲೆಯ ಆರಂಭದ ಶಕ್ತಿ ಸೊನ್ನೆ ಇಟ್ಟರೆ ಸೊನ್ನೆಯೇ ಉಳಿಯುತ್ತದೆ, ಉಷ್ಣ ಮಟ್ಟದ ಅಲೆ ಇಡು. ವೇಗದ ಜಾಲರಿಯನ್ನು ಸೊನ್ನೆಯಿಂದ ಶುರು ಮಾಡಬೇಡ. 10 ಲಕ್ಷ ಡಿಗ್ರಿ ಕರೋನಾದಲ್ಲಿ ಎಲೆಕ್ಟ್ರಾನಿನ ಉಷ್ಣವೇಗ ಸೆಕೆಂಡಿಗೆ ಸುಮಾರು 3,900 ಕಿ.ಮೀ., ಅದರ ಮೂರ್ನಾಲ್ಕು ಪಟ್ಟಿಗಿಂತ ಕೆಳಗೆ ಲ್ಯಾಂಡೌ ಡ್ಯಾಂಪಿಂಗ್, ಅಂದರೆ ಸುತ್ತಲಿನ ಎಲೆಕ್ಟ್ರಾನ್‌ಗಳೇ ಅಲೆಯನ್ನು ಹೀರುವುದು, ಎಲ್ಲವನ್ನೂ ನುಂಗಿಹಾಕುತ್ತದೆ. ವೇಗದಲ್ಲಿ ಹರಡುವ ಪದವನ್ನು ಇಂಪ್ಲಿಸಿಟ್ ಆಗಿ (ಮುಂದಿನ ಹೆಜ್ಜೆಯ ಬೆಲೆಗಳನ್ನೇ ಸಮೀಕರಣದಲ್ಲಿಟ್ಟು) ಬಿಡಿಸು, ಟ್ರೈಡಯಾಗನಲ್ ಮ್ಯಾಟ್ರಿಕ್ಸ್ ಸಾಕು. ಜಾಗದಲ್ಲಿ ಸಾಗುವುದನ್ನು ಬೇರೆ ಹೆಜ್ಜೆಯಾಗಿ ಮಾಡು. ಎಕ್ಸ್‌ಪ್ಲಿಸಿಟ್ ಆಗಿ ಎಲ್ಲ ಒಟ್ಟಿಗೆ ಮಾಡಿದರೆ ಅಲೆ ಬೆಳೆದಂತೆ ಸಮಯದ ಹೆಜ್ಜೆ ಚಿಕ್ಕದು ಮಾಡುತ್ತಾ ಮಾಡುತ್ತಾ ಡಿಗ್ರಿಯೇ ಮುಗಿದುಹೋಗುತ್ತದೆ.

ಒಂದು ಪದ ಮಾತ್ರ ಬಿಡಬೇಡ, ಸಾಂದ್ರತೆ ಇಳಿಯುವುದರ ಪರಿಣಾಮ. ಮೇಲೆ ಹೋದಂತೆ ಸಾಂದ್ರತೆ ಕಮ್ಮಿಯಾಗುವುದರಿಂದ ಅಲೆಯ ತರಂಗಸಂಖ್ಯೆ ನಿಧಾನಕ್ಕೆ ಏರುತ್ತದೆ, ಅಂದರೆ ಅದರ ಫೇಸ್ ವೇಗ (ಅಲೆಯ ಉಬ್ಬು ಸಾಗುವ ವೇಗ) ಇಳಿಯುತ್ತದೆ. ಹಾಗಾಗಿ ಯಾವ ಎಲೆಕ್ಟ್ರಾನ್‌ಗಳು ಅಲೆ ಕೊಟ್ಟವೋ ಅವುಗಳ ವೇಗಕ್ಕೆ ಅದು ಹೊಂದುವುದಿಲ್ಲ, ಇನ್ನೂ ನಿಧಾನದವುಗಳ ಪಾಲಾಗುತ್ತದೆ. ನಾನು ಮುಳುಗುತ್ತದೆ ಅಂದ ಅಸಲು ಹೋಗುವುದು ಇಲ್ಲೇ. ಬೀಮ್ ದೂರ ಹೋದಂತೆ ನಿಧಾನ ಆಗಲು ಇದು ಒಂದು ಮುಖ್ಯ ಕಾರಣ.

ಈಗ ಆ ಸಂಖ್ಯೆಯ ವಿಷಯ. ಬೀಮ್ ಚಪ್ಪಟೆಯಾದಾಗ ಸೊನ್ನೆಯ ಹತ್ತಿರದಿಂದ ಗರಿಷ್ಠ ವೇಗದವರೆಗೂ ಸಮತಟ್ಟಾದ ಹಂಚಿಕೆ ಬರುತ್ತದೆ. ಎಲೆಕ್ಟ್ರಾನ್‌ಗಳ ಬಳಿ ಮೊದಲಿದ್ದ ಶಕ್ತಿಯ ಮೂರನೇ ಒಂದು ಪಾಲು ಉಳಿದು ಮೂರನೇ ಎರಡು ಅಲೆಗೆ ಹೋಗಿರುತ್ತದೆ. ಅಲೆ ಮತ್ತು ಎಲೆಕ್ಟ್ರಾನ್ ಸೇರಿದ ಗಂಟು ಸಾಗುವ ವೇಗ ಆ ಸಮತಟ್ಟಿನ ಸರಾಸರಿ, ಅಂದರೆ ಗರಿಷ್ಠ ವೇಗದ ಸುಮಾರು ಅರ್ಧ. ರೇಡಿಯೊದಲ್ಲಿ ನಮಗೆ ಕಾಣುವುದು ಈ ಗಂಟಿನ ವೇಗ. ಸ್ಪೆಕ್ಟ್ರೋಗ್ರಾಮ್‌ನಲ್ಲಿ 0.3 ಬಂದರೆ ಅದರೊಳಗೆ 0.6 ವೇಗದ ಎಲೆಕ್ಟ್ರಾನ್‌ಗಳೂ ಓಡುತ್ತಿರಬಹುದು. ಡ್ರಿಫ್ಟ್ (ಗೆರೆ ಇಳಿಯುವ ವೇಗ) ಅಳೆದು, ಅದೇ ವೇಗದ ಬೀಮ್ ಹಾಕಿ, ಅದೇ ಡ್ರಿಫ್ಟ್ ಬರಲಿ ಅಂತ ಕಾದರೆ ಬರುವುದಿಲ್ಲ. ಈ ಒಂದು ವಿಷಯ ಸರಿಯಾಗಿ ಬರೆದರೆ ನಿನ್ನ ಪ್ರಾಜೆಕ್ಟ್ ಆಯಿತು ಅಂತಲೇ ನನ್ನ ಅಭಿಪ್ರಾಯ.

---

ಹ್ಯಾಮ್_ಮಾವ

ನಾನು ಫಿಸಿಕ್ಸ್ ಓದಿದವನಲ್ಲ. ಹ್ಯಾಮ್ ರೇಡಿಯೊ ಹುಚ್ಚು ಅಷ್ಟೆ. ಹಗಲು ಹೊತ್ತು 20 ಮೆಗಾಹರ್ಟ್ಸ್ ಆಸುಪಾಸು ಕೇಳ್ತಾ ಕೂತಾಗ ಒಮ್ಮೊಮ್ಮೆ ಸ್ಪೀಕರಿನಲ್ಲಿ ಬುಸ್ ಅಂತ ಶಬ್ದ ಏರಿ, ಹತ್ತಾರು ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಹಿರಿಯರೊಬ್ಬರು ಅದು ಸೂರ್ಯ ಕಣಯ್ಯ ಅಂದಾಗ ನಂಬಿರಲಿಲ್ಲ. ನೀವು ಹೇಳುತ್ತಿರುವುದು ಅದೇನಾ?

ಇನ್ನೊಂದು, ಬೇಜಾರು ಮಾಡ್ಕೋಬೇಡಿ, ಇಷ್ಟೆಲ್ಲ ಮಾಡೆಲ್ ಮಾಡಿ ಏನು ಉಪಯೋಗ? ಆ ಎಲೆಕ್ಟ್ರಾನ್ ನಮ್ಮ ಮೇಲೆ ಬಿದ್ದರೆ ಏನಾದರೂ ಆಗುತ್ತಾ?

---

ಹಳೇಆಂಟೆನಾ

ಹ್ಯಾಮ್_ಮಾವ, ಅದೇ. ಜ್ವಾಲೆ ಜೋರಿದ್ದ ದಿನ ಒಂದರ ಹಿಂದೊಂದು ಗುಂಪಾಗಿ ಬರುತ್ತವೆ, ಒಂದೇ ಉದ್ದ ಬುಸ್ ಆಗಿ ಕೇಳಬಹುದು.

ನಿಮ್ಮ ರೇಡಿಯೊದವರಿಗೂ ಇದಕ್ಕೂ ಹಳೇ ನಂಟು. 1942ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯ ರಾಡಾರ್‌ಗಳಿಗೆ ವಿಪರೀತ ಗದ್ದಲ ಬಂತು. ಜರ್ಮನ್ನರು ಜ್ಯಾಮ್ ಮಾಡುತ್ತಿದ್ದಾರೆ ಅಂತ ಗಾಬರಿ. ಜೆ. ಎಸ್. ಹೇ ಅನ್ನುವವರು ನೋಡಿದರೆ ಗದ್ದಲದ ದಿಕ್ಕು ಸೂರ್ಯನದು, ಆಗ ದೊಡ್ಡದೊಂದು ಸೌರಕಲೆ ಕೂಡ ಇತ್ತು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ರೂಬಿ ಪೇನ್-ಸ್ಕಾಟ್ ಮತ್ತು ಸಂಗಡಿಗರು ಬರ್ಸ್ಟ್ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಬೇರೆ ಬೇರೆ ಹೊತ್ತಿಗೆ ಬರುವುದನ್ನು 1947ರಲ್ಲಿ ಹಿಡಿದರು. ಪೆನ್ರಿತ್ ಅನ್ನುವ ಊರಿನ ಸ್ಪೆಕ್ಟ್ರೋಗ್ರಾಫಿನಿಂದ ಪಾಲ್ ವೈಲ್ಡ್ 1950ರಲ್ಲಿ ಟೈಪ್ 1, 2, 3 ಅಂತ ವಿಂಗಡಿಸಿದರು, ಆ ಹೆಸರುಗಳೇ ಇವತ್ತಿಗೂ.

ಉಪಯೋಗ ಅಂದ್ರಿ. 1967ರ ಮೇ 23ರಂದು ಸೂರ್ಯನ ರೇಡಿಯೊ ಗದ್ದಲ ಅಮೆರಿಕದ ಕ್ಷಿಪಣಿ ಮುನ್ನೆಚ್ಚರಿಕೆ ರಾಡಾರ್‌ಗಳನ್ನೇ ಕುರುಡು ಮಾಡಿತ್ತು, ಶೀತಲ ಸಮರದ ಕಾಲ, ಕೈಮೀರಿ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. 2006ರ ಡಿಸೆಂಬರ್ 6ರ ಬರ್ಸ್ಟ್ ಜಿಪಿಎಸ್ ರಿಸೀವರ್‌ಗಳಿಗೆ ಕೈಕೊಟ್ಟಿತು. 2015ರ ನವೆಂಬರ್ 4ರಂದು ಸ್ವೀಡನ್ನಿನಲ್ಲಿ ವಿಮಾನ ಸಂಚಾರ ನಿಯಂತ್ರಣದ ರಾಡಾರ್‌ಗಳು ಗೊಂದಲಕ್ಕೆ ಬಿದ್ದು ವಿಮಾನ ನಿಲ್ಲಿಸಬೇಕಾಯಿತು. ಹಾಂ, ಜಿಪಿಎಸ್ ಕೆಡಿಸಿದ್ದು ಹುಡುಗ ಕೇಳುತ್ತಿರುವ ಟೈಪ್ 3 ಅಲ್ಲ. ಅದು ಗಿಗಾಹರ್ಟ್ಸ್ ಮಟ್ಟದ್ದು, ಅದಕ್ಕೆ ಲೆಕ್ಕವೂ ಬೇರೆ.

---

ಸಾಗರದವಳು

ಮಾವ, ಎಲೆಕ್ಟ್ರಾನ್ ಬಿದ್ದರೆ ಏನು ಅನ್ನುವುದಕ್ಕೆ: ಟೈಪ್ 3ರ ಈ ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟಿನವು ನೆಲದ ಮೇಲೆ ನಮಗೇನೂ ಮಾಡುವುದಿಲ್ಲ. ಆದರೆ ದಾರಿ ತೆರೆದಿದೆ ಅಂತ ಅವು ಹೇಳುತ್ತವೆ. ಬೆಳಕಿನ 0.3 ವೇಗದ ಎಲೆಕ್ಟ್ರಾನ್ ಇಲ್ಲಿಗೆ ನೇರವಾಗಿ ಬಂದರೂ ಸುಮಾರು 28 ನಿಮಿಷ ಬೇಕು, ಕಾಂತರೇಖೆ ಬಾಗಿರುವುದರಿಂದ ಇನ್ನೂ ಜಾಸ್ತಿ. ಬೆಳಕು, ರೇಡಿಯೊ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದಿರುತ್ತವೆ. ಗಗನಯಾತ್ರಿಗಳಿಗೆ ನಿಜವಾದ ಅಪಾಯ ಹಿಂದೆ ಬರುವ ಪ್ರೋಟಾನ್‌ಗಳದ್ದು. ಎಲೆಕ್ಟ್ರಾನ್ ಮೊದಲು ಬರುವುದರಿಂದ ಅದನ್ನೇ ನೋಡಿ ಪ್ರೋಟಾನ್ ಮುನ್ಸೂಚನೆ ಕೊಡುವ ಪದ್ಧತಿ ಕೂಡ ಇದೆ. ಅದಕ್ಕೆ ಬಳಸುವುದು ಇನ್ನೂ ಹೆಚ್ಚು ಶಕ್ತಿಯ, ಹೆಚ್ಚುಕಮ್ಮಿ ಬೆಳಕಿನ ವೇಗದ ಎಲೆಕ್ಟ್ರಾನ್‌ಗಳನ್ನು. ಸೋಹೋ ನೌಕೆಯ ಕಣ ಪತ್ತೆ ಉಪಕರಣದ ಡೇಟಾ ಮೇಲೆ ಅದು ನಡೆಯುತ್ತದೆ.

---

ಚಿಂತಾಮಣಿಯವ

ಅಕ್ಕ, ಬಾಗಿಲು ಮುಚ್ಚಿದೆ. ಕೆಲಸ ಮಾಡಿತು! 10,000 ಕಿ.ಮೀ. ಅಗಲದ ತುಂಡು, ಗರಿಷ್ಠ ವೇಗ 0.6, ಇಂಪ್ಲಿಸಿಟ್ ಹೆಜ್ಜೆ. ಈಗ ಗಂಟು ಎರಡು ಸೌರ ತ್ರಿಜ್ಯ ದಾಟಿ ಹೋಗುತ್ತಿದೆ. ಪ್ಲಾಟ್ ನೋಡಿದರೆ ಅಲೆಯ ಶಕ್ತಿ ಮುಂದೆ ಉಬ್ಬಿ ಹಿಂದೆ ಕರಗುವುದು ಕಣ್ಣಿಗೇ ಕಾಣುತ್ತದೆ. ಗಂಟಿನ ವೇಗ 0.3ರ ಹತ್ತಿರ, ಮೇಲೆ ಹೋದಂತೆ ಸ್ವಲ್ಪ ಇಳಿಯುತ್ತದೆ.

ಆದರೆ 0.6 ಅನ್ನುವುದನ್ನು ನಾನೇ ಇಟ್ಟದ್ದು. ಅದನ್ನು ಸ್ವತಂತ್ರವಾಗಿ ಎಲ್ಲಿಂದ ತರಲಿ? ಮತ್ತೆ ನನ್ನ ಕೋಡು ಕೊಡುವುದು ಲ್ಯಾಂಗ್ಮ್ಯೂರ್ ಅಲೆಯ ಶಕ್ತಿ, ಆಂಟೆನಾಕ್ಕೆ ಬರುವುದು ರೇಡಿಯೊ. ಎರಡನ್ನೂ ಹೋಲಿಸುವುದು ಹೇಗೆ? ನನ್ನ ಬರ್ಸ್ಟ್ 45 ಮೆಗಾಹರ್ಟ್ಸ್‌ನಲ್ಲಿ ನಾಲ್ಕೈದು ಸೆಕೆಂಡ್ ಉಳಿಯುತ್ತದೆ, ಕೋಡಿನಲ್ಲಿ ಅಲೆ ಅದಕ್ಕಿಂತ ಬೇಗ ಸಾಯುತ್ತದೆ.

---

ಸಾಗರದವಳು

ಭೇಷ್.

ಸ್ವತಂತ್ರ ಮಾಹಿತಿ ಅಂದರೆ ಎಕ್ಸ್‌ರೇ. ಜ್ವಾಲೆಯಲ್ಲಿ ಕೆಳಕ್ಕೆ ಹೋದ ಎಲೆಕ್ಟ್ರಾನ್‌ಗಳು ದಟ್ಟ ಪದರಕ್ಕೆ ಬಡಿದು ಹಾರ್ಡ್ ಎಕ್ಸ್‌ರೇ ಕೊಡುತ್ತವೆ, ಮೇಲಕ್ಕೆ ಹೋದವು ನಿನ್ನ ಬರ್ಸ್ಟ್ ಕೊಡುತ್ತವೆ. ಎರಡೂ ಒಂದೇ ಕಡೆ ವೇಗ ಪಡೆದಿದ್ದರೆ ಎಕ್ಸ್‌ರೇ ಸ್ಪೆಕ್ಟ್ರಮ್‌ನ ಇಳಿಜಾರಿನಿಂದ ಎಲೆಕ್ಟ್ರಾನ್ ಹಂಚಿಕೆ ಸಿಗುತ್ತದೆ. ದಟ್ಟ ಗುರಿಯ ಲೆಕ್ಕದಲ್ಲಿ (ಎಲೆಕ್ಟ್ರಾನ್ ದಟ್ಟ ಪದರದಲ್ಲೇ ಪೂರ್ತಿ ನಿಲ್ಲುತ್ತದೆ ಅಂದುಕೊಂಡು) ಎಕ್ಸ್‌ರೇ ಸೂಚ್ಯಂಕಕ್ಕೆ, ಅಂದರೆ ಇಳಿಜಾರಿನ ಘಾತಕ್ಕೆ, ಒಂದು ಕೂಡಿಸಿ ಎರಡರಿಂದ ಗುಣಿಸಿದರೆ ವೇಗದ ಸೂಚ್ಯಂಕ: ಎಕ್ಸ್‌ರೇ 3 ಇದ್ದರೆ ವೇಗದ್ದು 8. ಆದಿತ್ಯ-ಎಲ್1 ಮೇಲಿರುವ ಹೀಲಿಯೋಸ್ ಉಪಕರಣ (ಮೇಲೆ ಹೇಳಿದ ಹೀಲಿಯಾಸ್ ನೌಕೆ ಬೇರೆ) ಹಾರ್ಡ್ ಎಕ್ಸ್‌ರೇ ನೋಡುತ್ತದೆ, ಸೋಲಾರ್ ಆರ್ಬಿಟರ್‌ನ ಸ್ಟಿಕ್ಸ್ ಕೂಡ. 2018ಕ್ಕೆ ಮುಂಚಿನ ಬರ್ಸ್ಟ್ ಆದರೆ ರೆಸ್ಸಿ ನೌಕೆಯ ಡೇಟಾ ನೋಡು. ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಮಾತ್ರ ಎಕ್ಸ್‌ರೇಯಿಂದ ತಂದು ಹಾಗೇ ಹಾಕಬೇಡ. ಹೊರಗೆ ತಪ್ಪಿಸಿಕೊಳ್ಳುವುದು ಎಕ್ಸ್‌ರೇ ಕೊಡುವವುಗಳ ಶೇಕಡಾ ಒಂದಕ್ಕಿಂತ ಕಮ್ಮಿ ಪಾಲು.

ಇಲ್ಲಿ ಒಂದು ಚಂದದ ವಿಷಯ ಇದೆ. ಇಂಥ ಘಾತ ನಿಯಮದ ಹಂಚಿಕೆಯಲ್ಲಿ ವೇಗದವು ಯಾವಾಗಲೂ ಕಮ್ಮಿ, ಹಾಗಾಗಿ ಹೊರಟ ಜಾಗದಲ್ಲಿ ಉಲ್ಟಾ ಇಳಿಜಾರು ಇರುವುದೇ ಇಲ್ಲ, ರೇಡಿಯೊವೂ ಇಲ್ಲ. ವೇಗದವು ಮುಂದೆ ಹೋಗಿ ಬೇರೆಯಾಗಲು ಸ್ವಲ್ಪ ದೂರ ಬೇಕು. ಆ ದೂರ ತುಂಡಿನ ಅಗಲ ಗುಣಿಸು ವೇಗದ ಸೂಚ್ಯಂಕ ಅಂತ ಗ್ಲಾಸ್ಗೋ ಗುಂಪಿನವರು 2011ರಲ್ಲಿ ತೋರಿಸಿದರು. ನಿನ್ನ 10,000 ಕಿ.ಮೀ., ಸೂಚ್ಯಂಕ 8 ಆದರೆ ಹೊರಟ ಜಾಗದಿಂದ 80,000 ಕಿ.ಮೀ. ಮೇಲೆ ಬರ್ಸ್ಟ್ ಶುರು. ಅಂದರೆ ಬರ್ಸ್ಟ್ ಯಾವ ಫ್ರೀಕ್ವೆನ್ಸಿಯಲ್ಲಿ ಶುರುವಾಯಿತು ಅನ್ನುವುದರಲ್ಲೇ ಎಲೆಕ್ಟ್ರಾನ್‌ಗಳು ಎಷ್ಟು ಎತ್ತರದಲ್ಲಿ ವೇಗ ಪಡೆದವು ಅನ್ನುವ ಸುಳಿವಿದೆ. ನಿನ್ನ ಎಫ್ಎಂ ಪಟ್ಟಿಯ ಮೇಲ್ಗಡೆ, 110ರಿಂದ ಮೇಲೆ ಬರ್ಸ್ಟ್ ಇದೆಯಾ ನೋಡು. ಅದು ಬಹಳ ಬೇಕಾಗುತ್ತದೆ.

ರೇಡಿಯೊಗೆ ಬರೋಣ. ಮೂಲ ಫ್ರೀಕ್ವೆನ್ಸಿ ಹುಟ್ಟುವುದು ಲ್ಯಾಂಗ್ಮ್ಯೂರ್ ಅಲೆ ಅಯಾನ್-ಶಬ್ದ ಅಲೆಯೊಂದಿಗೆ ಸೇರಿದಾಗ, ಎರಡರಷ್ಟರದ್ದು ಎದುರುಬದುರು ಬರುವ ಎರಡು ಲ್ಯಾಂಗ್ಮ್ಯೂರ್ ಅಲೆಗಳು ಒಂದಾದಾಗ. ಇದರ ಬೀಜ ಗಿನ್ಸ್‌ಬರ್ಗ್ ಮತ್ತು ಝೆಲೆಜ್ನ್ಯಾಕೋವ್ 1958ರಲ್ಲಿ ಬರೆದದ್ದು. ಪೂರ್ತಿ ಹಾಕಲು ಹೋದರೆ ಪಿಎಚ್‌ಡಿ ಆಗುತ್ತದೆ. ಎಂಎಸ್ಸಿಗೆ ಅಲೆಯ ಶಕ್ತಿ ಗರಿಷ್ಠ ಆಗುವ ಸಮಯವನ್ನೂ ಬರ್ಸ್ಟಿನ ಗರಿಷ್ಠ ಸಮಯವನ್ನೂ ಹೋಲಿಸು, ಸಾಕು. ಬರ್ಸ್ಟಿನ ಆರಂಭದ ಅಂಚು ಹಿಡಿದರೆ ವೇಗ ಜಾಸ್ತಿ ಬರುತ್ತದೆ, ಬಾಲ ಹಿಡಿದರೆ ಕಮ್ಮಿ. ಯಾವುದನ್ನು ಹಿಡಿದೆ ಅಂತ ಬರೆ.

ಬರ್ಸ್ಟ್ ಎಷ್ಟು ಹೊತ್ತು ಉಳಿಯಿತು ಅನ್ನುವುದನ್ನು ಹೊಂದಿಸಲು ಹೋಗಲೇಬೇಡ. ಕರೋನಾದ ಸಾಂದ್ರತೆ ನುಣುಪಾಗಿಲ್ಲ, ತರಿತರಿ. ರೇಡಿಯೊ ಅಲೆ ಅದರಲ್ಲಿ ಚದುರಿ ಚದುರಿ ಹೊರಬರುತ್ತದೆ. ನಿನ್ನ ನಾಲ್ಕೈದು ಸೆಕೆಂಡಿನ ಬಾಲದಲ್ಲಿ ಎಲೆಕ್ಟ್ರಾನ್ ಎಷ್ಟು, ಚದುರಿಕೆ ಎಷ್ಟು ಅಂತ ಬೇರೆ ಮಾಡಲು ಬೇರೆಯದೇ ಲೆಕ್ಕ ಬೇಕು. ಚಿತ್ರದಲ್ಲಿ ರೇಡಿಯೊ ಹೊರಟ ಜಾಗದ ಗಾತ್ರ ದೊಡ್ಡದಾಗಿ, ಎತ್ತರ ಜಾಸ್ತಿಯಾಗಿ ಕಾಣುವುದಕ್ಕೂ ಇದೇ ಕಾರಣ. ಲೋಫಾರ್ ರೇಡಿಯೊ ದೂರದರ್ಶಕದಲ್ಲಿ ಬರ್ಸ್ಟಿನೊಳಗಿನ ಸಣ್ಣ ಸಣ್ಣ ಗೆರೆಗಳನ್ನು ನೋಡಿದವರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಈ ಚದುರಿಕೆಯನ್ನು ಲೆಕ್ಕಕ್ಕೆ ತಗೊಳ್ಳದೆ ಬರ್ಸ್ಟಿನ ಅಗಲದಿಂದ ಬೀಮಿನ ಉದ್ದ ಹೇಳುವ ಪೇಪರ್ ಸಿಕ್ಕರೆ ಅನುಮಾನದಿಂದಲೇ ಓದು.

---

ಹಳೇಆಂಟೆನಾ

ಅಕ್ಕ ಹೇಳಿದ ಎತ್ತರದ ವಿಷಯಕ್ಕೆ ಒಂದು ಸೇರ್ಪಡೆ. ಗೌರಿಬಿದನೂರಿನಲ್ಲಿ ಬರೀ ಸ್ಪೆಕ್ಟ್ರಮ್ ಅಲ್ಲ, 1997ರಿಂದ ರೇಡಿಯೊ ಹೀಲಿಯೋಗ್ರಾಫ್ ಕೂಡ ಇದೆ, ಅದು ಚಿತ್ರವನ್ನೇ ತೆಗೆಯುತ್ತದೆ. 80 ಮೆಗಾಹರ್ಟ್ಸ್ ಚಿತ್ರ ಸಿಕ್ಕರೆ ನ್ಯೂಕರ್ಕ್ ಹೇಳಿದ 1.32ಕ್ಕೂ ನಿಜವಾಗಿ ಕಂಡ ಜಾಗಕ್ಕೂ ಎಷ್ಟು ಅಂತರ ಅಂತ ನೋಡಬಹುದು. ಅಂಚಿನ ಬರ್ಸ್ಟ್ ಆದರೆ ಮಾತ್ರ ಈ ಹೋಲಿಕೆ ಸಲೀಸು.

ಮತ್ತೆ ಕೆಳಗಿನ ಫ್ರೀಕ್ವೆನ್ಸಿ. ಹತ್ತು ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ನಮ್ಮ ಅಯಾನುಗೋಳ ಒಳಗೆ ಬಿಡುವುದಿಲ್ಲ, ಅಲ್ಲಿಂದ ಮುಂದೆ ನೌಕೆಗಳೇ ಗತಿ. 1994ರಲ್ಲಿ ಹಾರಿದ ವಿಂಡ್ ನೌಕೆಯ ರೇಡಿಯೊ ಡೇಟಾ ತೆಗೆದು ನಿನ್ನ ಬರ್ಸ್ಟಿನ ಕೆಳಗೆ ಅಂಟಿಸು. ಪಾರ್ಕರ್ ಸೋಲಾರ್ ಪ್ರೋಬ್ 2018ರ ನಂತರದ್ದಕ್ಕೆ, ಅದು 19 ಮೆಗಾಹರ್ಟ್ಸ್‌ವರೆಗೆ ನೋಡುತ್ತದೆ. ಬರ್ಸ್ಟ್ ಕೆಳಗೆ ಮುಂದುವರಿದು ಭೂಮಿ ಹತ್ತಿರದ 20 ಕಿಲೋಹರ್ಟ್ಸ್ ಆಸುಪಾಸಿನವರೆಗೂ ಹೋದರೆ ನಿನ್ನ ಎಲೆಕ್ಟ್ರಾನ್‌ಗಳು ತೆರೆದ ಕಾಂತರೇಖೆ ಹಿಡಿದಿವೆ ಅಂತ ಖಾತ್ರಿ. 40ರಲ್ಲೇ ನಿಂತು ತಿರುಗಿ ಮೇಲಕ್ಕೆ ಹೋದರೆ ಅದು ಕಾಂತೀಯ ಕಮಾನಿನೊಳಗೆ ಸಿಕ್ಕಿಬಿದ್ದ ಬೀಮ್, ಆಗ ನಿನ್ನ ನೇರ ದಾರಿಯ ಮಾಡೆಲ್ ಅದಕ್ಕೆ ನಡೆಯುವುದಿಲ್ಲ.

---

ಚಿಂತಾಮಣಿಯವ

110ರ ಮೇಲೆ ಇದೆ ಸರ್, 130ರ ಹತ್ತಿರ ಮಸುಕಾಗಿ ಶುರುವಾಗಿದೆ. ವಿಂಡ್ ಡೇಟಾ ಇವತ್ತು ಇಳಿಸುತ್ತೇನೆ. ಜ್ವಾಲೆ ಪಶ್ಚಿಮ ಅಂಚಿನ ಹತ್ತಿರದ್ದು, ಹಾಗಾಗಿ ಬೆಳಕಿನ ತಿದ್ದುಪಡಿ ಕಮ್ಮಿ ಇರಬೇಕು. ಫೈಲನ್ನು ಇಲ್ಲೇ ಹಾಕಲಾ, ನೀವೂ ಒಮ್ಮೆ ನೋಡುತ್ತೀರಾ?

---

ಹಳೇಆಂಟೆನಾ

ಹಾಕು. ಸಮಯ ಯುಟಿಯಲ್ಲೇ (ಗ್ರೀನಿಚ್ ಸಮಯ) ಬರೆ, ಐಎಸ್‌ಟಿ ಬೇಡ. ಐದೂವರೆ ಗಂಟೆ ಕೂಡಿಸಿದ್ಯಾ ಕಳೆದ್ಯಾ ಅಂತಲೇ ಇಲ್ಲಿ ಅರ್ಧ ಜಗಳ ಆಗುವುದು. ಎಫ್ಎಂ ಪಟ್ಟಿಯನ್ನು ಅಳಿಸಬೇಡ, ಹಾಗೇ ಇರಲಿ, ಅದರ ಸಂದಿಯಲ್ಲೂ ಒಂದೆರಡು ಖಾಲಿ ಚಾನೆಲ್ ಸಿಗುತ್ತವೆ.